ಏಪ್ರಿಲ್‌ನಲ್ಲಿ ಅರ್ಜಿ, ಅಕ್ಟೋಬರ್‌ನಲ್ಲಿ ಶಿಕಾರಿ

ಅಮೆರಿಕದ ಕೊಲರಾಡೊದಲ್ಲಿ ಅಕ್ಟೋಬರ್ ಕೊನೆಗೆ ಜಿಂಕೆ ಬೇಟೆಗೆ ಹೋಗಬೇಕು ಅಂತಿದ್ದರೆ ಏಪ್ರಿಲ್ ಮೊದಲ ಮಂಗಳವಾರ ರಾತ್ರಿ ಎಂಟರೊಳಗೆ ಅರ್ಜಿ ಹಾಕಿರಬೇಕು. ಎಂಟು ಹೊಡೆದ ಮೇಲೆ ಏನು ಮಾಡಿದರೂ ಅರ್ಜಿ ಹೋಗುವುದಿಲ್ಲ. ಈ ಚಳಿಗಾಲದ ಹಿಮವೇ ಇನ್ನೂ ಕರಗಿರುವುದಿಲ್ಲ. ಅಷ್ಟರಲ್ಲೇ ಯಾವ ಜಾಗ, ಯಾವ ವಾರ, ಯಾವ ಆಯುಧ, ಗಂಡೋ ಹೆಣ್ಣೋ ಎಲ್ಲ ತೀರ್ಮಾನ ಮಾಡಿ ಒಂದು ಕೋಡ್ ಬರೆದುಕೊಡಬೇಕು. ಡೆನ್ವರ್ ಸುತ್ತ ಇರುವ ನಮ್ಮ ಕನ್ನಡದವರಲ್ಲಿ ಬಹಳ ಜನ, ಅಂಗಡಿಗೆ ಹೋಗಿ ಲೈಸೆನ್ಸ್ ಕೊಂಡು ಶನಿವಾರ ಬೆಟ್ಟ ಹತ್ತುವುದು ಅಷ್ಟೇ ಅಂದುಕೊಂಡಿದ್ದಾರೆ. ನಾನು ಹೋಗಿ ಬಂದದ್ದು ಗೊತ್ತಾದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಯಮಗಳು ವರ್ಷ ವರ್ಷ ಅಷ್ಟಿಷ್ಟು ಬದಲಾಗುತ್ತವೆ. ಹಾಗಾಗಿ ಇದನ್ನೇ ನಂಬಿ ಹೊರಡಬೇಡಿ, ಆ ವರ್ಷದ ಬಿಗ್ ಗೇಮ್, ಅಂದರೆ ದೊಡ್ಡ ಪ್ರಾಣಿಗಳ ಬೇಟೆಯ, ಪುಸ್ತಿಕೆಯನ್ನು ಓದಿಕೊಳ್ಳಿ.

ನಮ್ಮದು ಮಲೆನಾಡು, ಕೊಪ್ಪದ ಕಡೆ. ಅಜ್ಜನ ಕಾಲದಲ್ಲಿ ಶಿಕಾರಿ ಅಂದರೆ ಊರೇ ಸೇರುತ್ತಿತ್ತು. ಹಳು ಸೋವುವವರು ಒಂದು ಕಡೆ, ಕೋವಿ ಹಿಡಿದು ಕೂತವರು ಇನ್ನೊಂದು ಕಡೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿದ ಕಥೆ. ಮನೆಯಲ್ಲಿ ಉಳಿದಿರುವ ಕೋವಿ ತೋಟದ ಕಾವಲಿಗೆ. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಹೀಗಾಗಿ ನಾನು ಅರ್ಜಿಯ ವಿಷಯ ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪನಿಗೆ ನಂಬಿಕೆಯೇ ಬರಲಿಲ್ಲ.

"ಅಲ್ಲ ಮಾರಾಯಾ, ಜಿಂಕೆ ಹೊಡೆಯೋಕೆ ಸರ್ಕಾರವೇ ಚೀಟಿ ಕೊಡುತ್ತಾ? ಅದೂ ಲಾಟರಿ ಎತ್ತಿ?"

"ಹೌದು ಚಿಕ್ಕಪ್ಪ. ಚೀಟಿ ಇಲ್ಲದೆ ಹೊಡೆದರೆ ಇಲ್ಲೂ ಕೇಸೇ."

"ಹಿಂಗೆ ಕೊಡ್ತಾ ಹೋದರೆ ಜಿಂಕೆ ಖಾಲಿ ಆಗಲ್ವಾ?"

ಸರಿಯಾದ ಪ್ರಶ್ನೆ. ಇಲ್ಲಿನ ಪರ್ಮಿಟ್ ವ್ಯವಸ್ಥೆ ಪೂರ್ತಿ ನಿಂತಿರುವುದೇ ಅದರ ಮೇಲೆ. ಒಂದು ಕಾಲದಲ್ಲಿ ಇಲ್ಲೂ ಖಾಲಿ ಆಗುವ ಹಂತಕ್ಕೆ ಬಂದಿತ್ತು. ಗಣಿ ಊರುಗಳಿಗೆ ಮಾಂಸ ಮಾರುವುದಕ್ಕೆ ಲೆಕ್ಕವಿಲ್ಲದೆ ಹೊಡೆದು, 1900ರ ಹೊತ್ತಿಗೆ ಜಿಂಕೆ, ಅದೇ ಜಾತಿಯ ದೊಡ್ಡ ಪ್ರಾಣಿ ಎಲ್ಕ್ ಎಲ್ಲ ಅಪರೂಪ ಆಗಿಬಿಟ್ಟಿದ್ದವು. ಈಗ ಲೆಕ್ಕ ಮೊದಲು, ಈಡು ಆಮೇಲೆ. ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಅಂತ ರಾಜ್ಯ ಇಲಾಖೆ ಇದೆ, ಎಲ್ಲರೂ ಸಿಪಿಡಬ್ಲ್ಯು ಅನ್ನುತ್ತಾರೆ. ಬೇಟೆ ಮುಗಿದ ಮೇಲೆ, ಚಳಿಗಾಲದಲ್ಲಿ ಇಲಾಖೆಯವರು ಹೆಲಿಕಾಪ್ಟರ್‌ನಲ್ಲಿ ಹಾರಿ ಹಿಂಡುಗಳನ್ನು ನೋಡುತ್ತಾರೆ. ಹಿಮದ ಮೇಲೆ ಜಿಂಕೆ ಚೆನ್ನಾಗಿ ಕಾಣುತ್ತದೆ. ನೂರು ಹೆಣ್ಣಿಗೆ ಎಷ್ಟು ಗಂಡು, ಎಷ್ಟು ಮರಿ ಅಂತ ಲೆಕ್ಕ ಹಾಕಿ, ಆ ಹಿಂಡಿಗೆ ಇಟ್ಟುಕೊಂಡ ಗುರಿಗೆ ಹೋಲಿಸಿ, ಈ ವರ್ಷ ಎಷ್ಟು ಲೈಸೆನ್ಸ್ ಅಂತ ನಿರ್ಧಾರ ಮಾಡುತ್ತಾರೆ. 2022-23ರ ಚಳಿಗಾಲ ವಾಯವ್ಯ ಕೊಲರಾಡೊದಲ್ಲಿ ಬಹಳ ಭೀಕರವಾಗಿತ್ತು. ಹಿಮ ಗಟ್ಟಿಯಾಗಿ ಮೇವು ಸಿಗದೆ ಎಷ್ಟೋ ಜಿಂಕೆ, ಅದರಲ್ಲೂ ಮರಿಗಳು ಸತ್ತವು. 2023ರಲ್ಲಿ ಆ ಭಾಗದ ಲೈಸೆನ್ಸ್‌ಗಳನ್ನು ಒಂದೇ ಸಲಕ್ಕೆ ಕಡಿತ ಮಾಡಿದರು. ಬೇಟೆಗಾರರು ಗೊಣಗಿದರು, ಆದರೆ ಯಾರೂ ಅಷ್ಟಾಗಿ ವಿರೋಧ ಮಾಡಲಿಲ್ಲ. ಹಿಂಡು ಉಳಿದರೆ ತಾನೆ ಮುಂದಿನ ಚೀಟಿ?

ದುಡ್ಡಿನ ದಾರಿಯೂ ಕುತೂಹಲದ್ದೇ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಅಂತ ಇದೆ. ಉದ್ದ ಕೋವಿ, ತೋಟಾ ಇವುಗಳ ತಯಾರಕರ ಮೇಲೆ ಕೇಂದ್ರ ಸರ್ಕಾರ ಶೇಕಡ 11 ತೆರಿಗೆ ಹಾಕಿ, ಅದನ್ನು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹಂಚುತ್ತದೆ. ಲೈಸೆನ್ಸ್ ದುಡ್ಡೂ ಅಲ್ಲಿಗೇ ಹೋಗುತ್ತದೆ. ಇದನ್ನು ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ನೀವು ಹೊಡೆಯೋ ಜಿಂಕೆಗೆ ನೀವೇ ಮೇವು ಹಾಕೋದು" ಅಂದರು. ಅಕ್ಷರಶಃ ಅಲ್ಲ, ಆದರೆ ಲೆಕ್ಕ ಹೆಚ್ಚು ಕಡಿಮೆ ಅದೇ.

ನಾನು ಹೇಳುತ್ತಿರುವ ಇಲ್ಲಿನ ಜಿಂಕೆ ಮ್ಯೂಲ್ ಡಿಯರ್. ಅದನ್ನು ನೋಡದವರಿಗೆ ಎರಡು ಮಾತು. ನಮ್ಮ ಚುಕ್ಕೆ ಜಿಂಕೆಗಿಂತ ದೊಡ್ಡದು, ಕಡವೆಗಿಂತ ಚಿಕ್ಕದು. ಹೇಸರಗತ್ತೆಯಂಥ ಅಗಲ ಕಿವಿ, ಹಗ್ಗದಂತೆ ಸಣ್ಣ ಬಾಲ, ಬಾಲದ ತುದಿ ಕಪ್ಪು. ಗಂಡಿನ ಕೊಂಬು ಕವಲೊಡೆದು, ಆ ಕವಲು ಮತ್ತೆ ಕವಲೊಡೆಯುತ್ತದೆ. ಗಾಬರಿಯಾದರೆ ನಾಲ್ಕೂ ಕಾಲು ಒಟ್ಟಿಗೆ ಊರಿ ಪುಟಿಯುತ್ತಾ ಹೋಗುತ್ತದೆ. ಬೇಸಗೆಯಲ್ಲಿ ಎತ್ತರದ ಬೆಟ್ಟ, ಹಿಮ ಬಿದ್ದಂತೆ ತಗ್ಗಿನ ಸೇಜ್‌ಬ್ರಷ್ ಪೊದೆಗಳ ಬಯಲು. ಪಕ್ಕದ ವಯೋಮಿಂಗ್‌ನಲ್ಲಿ 150 ಮೈಲಿ ವಲಸೆ ಹೋಗುವ ಹಿಂಡೇ ಇದೆ. ಹೀಗಾಗಿ ಅಕ್ಟೋಬರ್‌ನಲ್ಲಿ ಜಿಂಕೆ ಎಲ್ಲಿರುತ್ತದೆ ಅಂತ ಏಪ್ರಿಲ್‌ನಲ್ಲಿ ಊಹಿಸುವುದು ಅರ್ಧ ಜೂಜು.

ಮೊದಲ ಮೆಟ್ಟಿಲು ಹಂಟರ್ ಎಜುಕೇಶನ್, ಅಂದರೆ ಬೇಟೆಗಾರರ ತರಬೇತಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಸಾಮಾನ್ಯವಾಗಿ ಈ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್‌ಗೆ ಅರ್ಜಿ ಹಾಕುವ ಹಾಗಿಲ್ಲ. ನಾನು ವಾರಾಂತ್ಯದ ತರಗತಿಗೆ ಸೇರಿದೆ. ಸುತ್ತ ನೋಡಿದರೆ ಮುಕ್ಕಾಲು ಪಾಲು ಹತ್ತು-ಹನ್ನೆರಡು ವರ್ಷದ ಮಕ್ಕಳು, ಜೊತೆಗೆ ಅಪ್ಪಂದಿರು. ನಲವತ್ತು ದಾಟಿದ ನಾನು ಒಬ್ಬ ಹುಡುಗಿಯ ಪಕ್ಕ ಕೂತು ಪರೀಕ್ಷೆ ಬರೆದೆ. ಅವಳಿಗೆ ನನಗಿಂತ ಜಾಸ್ತಿ ಗೊತ್ತಿತ್ತು. ಕೋವಿ ಯಾವಾಗಲೂ ತುಂಬಿದೆ ಅಂತಲೇ ತಿಳಿ, ನಳಿಗೆ ಯಾರ ಕಡೆಗೂ ತಿರುಗಿಸಬೇಡ, ಗುರಿಯ ಹಿಂದೆ ಏನಿದೆ ನೋಡಿಕೋ, ಹೊಡೆಯುವ ಗಳಿಗೆಯವರೆಗೂ ಬೆರಳು ಟ್ರಿಗರ್‌ನ ಹೊರಗೇ ಇರಲಿ. ಇದನ್ನೇ ತಿರುವಿ ತಿರುವಿ ಕೇಳುತ್ತಾರೆ. ಒಂದು ಚಿತ್ರ ತೋರಿಸಿ "ಹೊಡೆಯಬಹುದಾ?" ಅಂದರು. ಅಡ್ಡ ನಿಂತ ಗಂಡು ಜಿಂಕೆ, ಒಳ್ಳೇ ಗುರಿ. ಆದರೆ ಅದರ ಬೆನ್ನ ಹಿಂದೆ ಇನ್ನೊಂದು ಜಿಂಕೆಯ ಕಿವಿ ಮಾತ್ರ ಕಾಣುತ್ತಿದೆ. ಗುಂಡು ಒಂದನ್ನು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಮಕ್ಕಳೆಲ್ಲ ಒಟ್ಟಿಗೆ "ಇಲ್ಲ" ಅಂದರು.

ವೀಸಾ ಮೇಲೆ ಇರುವವರು ಈ ಪ್ಯಾರಾ ಸ್ವಲ್ಪ ನಿಧಾನ ಓದಿ. ಎಚ್-1ಬಿ, ಎಲ್-1, ಎಫ್-1 ಇಂಥ ವೀಸಾದಲ್ಲಿ ಇಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಅಮೆರಿಕದ ಕೇಂದ್ರ ಕಾನೂನು ಹೇಳುತ್ತದೆ. ಅದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದು ಇಲ್ಲದೆ ಗೆಳೆಯನ ಕೋವಿಯನ್ನು ಗುರಿ ಅಭ್ಯಾಸದ ರೇಂಜ್‌ನಲ್ಲಿ ಸುಮ್ನೆ ಒಂದು ಸಲ ಕೈಗೆತ್ತಿಕೊಂಡರೂ ತೊಂದರೆ ಆಗಬಹುದು. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನನ್ನದು ಅಷ್ಟು ಹೊತ್ತಿಗೆ ಬಂದಿತ್ತು. ವೀಸಾದಲ್ಲಿರುವ ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ನೂರು ಡಾಲರ್ ಉಳಿಸುವುದಕ್ಕೆ ಹೋಗಬೇಡ, ಮೊದಲು ವಕೀಲರ ಹತ್ತಿರ ಮಾತಾಡು. ಇಷ್ಟು ವರ್ಷ ಕಾದ ವೀಸಾ ಒಂದು ಜಿಂಕೆಗಿಂತ ದೊಡ್ಡದು.

ಸ್ಥಳೀಯರು ಅನ್ನಿಸಿಕೊಳ್ಳುವುದಕ್ಕೆ ಕೊಲರಾಡೊದಲ್ಲಿ ಆರು ತಿಂಗಳು ಸತತವಾಗಿ ನೆಲೆಸಿರಬೇಕು. ಇದು ಸಣ್ಣ ವಿಷಯ ಅಲ್ಲ. ನಮಗೆ ಜಿಂಕೆ ಲೈಸೆನ್ಸ್ ನಲವತ್ತು ಡಾಲರ್ ಆಸುಪಾಸು. ಹೊರರಾಜ್ಯದವರಿಗೆ ನಾನ್ನೂರರ ಮೇಲೆ. ಚೀಟಿಗಳಲ್ಲೂ ಪಾಲು ಬೇರೆ. 2024ರಿಂದ ಹೆಚ್ಚಿನ ಕೋಡ್‌ಗಳಲ್ಲಿ ಶೇಕಡ 75 ಸ್ಥಳೀಯರಿಗೆ, 25 ಹೊರಗಿನವರಿಗೆ. ಇನ್ನೊಂದು ಷರತ್ತೂ ಇದೆ. ಲಾಟರಿಗೆ ಅರ್ಜಿ ಹಾಕುವ ಮೊದಲು ಒಂದು ಅರ್ಹತಾ ಲೈಸೆನ್ಸ್ ಕೊಂಡಿರಬೇಕು. ನಾನು ಮೊಲ, ಗ್ರೌಸ್ ಹಕ್ಕಿ ಇಂಥದ್ದಕ್ಕೆ ಆಗುವ ಸ್ಮಾಲ್ ಗೇಮ್ ಲೈಸೆನ್ಸ್ ತೆಗೆದುಕೊಂಡೆ. ಅದರ ಮೇಲೆ ಹ್ಯಾಬಿಟಾಟ್ ಸ್ಟಾಂಪ್, ಅಂದರೆ ಪ್ರಾಣಿಗಳ ನೆಲೆ ಕಾಪಾಡುವುದಕ್ಕೆ ಕಟ್ಟುವ ಶುಲ್ಕ. ಜಿಂಕೆ ಚೀಟಿ ಬರದಿದ್ದರೂ ಈ ದುಡ್ಡು ವಾಪಸ್ ಇಲ್ಲ.

ಇನ್ನು ಕೋಡ್. ರಾಜ್ಯವನ್ನು ನೂರಕ್ಕೂ ಹೆಚ್ಚು ಯೂನಿಟ್‌ಗಳಾಗಿ ಹಂಚಿದ್ದಾರೆ, ಪ್ರತಿಯೊಂದಕ್ಕೂ ನಂಬರ್. ಡಿ-ಎಂ-027-ಓ2-ಆರ್ ಅಂತ ಇದ್ದರೆ ಮೊದಲಿನ ಡಿ ಜಿಂಕೆ, ಎಂ ಗಂಡು, 027 ಯೂನಿಟ್, ಓ2 ಎರಡನೇ ರೈಫಲ್ ಸೀಸನ್, ಕೊನೆಯ ಆರ್ ರೈಫಲ್. ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಬೇರೆಯೇ ಬೇಟೆ. ಎಂ ಇದ್ದ ಕಡೆ ಎಫ್ ಬಿದ್ದರೆ ಹೆಣ್ಣು ಜಿಂಕೆಯ ಚೀಟಿ. ಓ ಇದ್ದ ಕಡೆ ಪಿ ಇದ್ದರೆ ಖಾಸಗಿ ಜಮೀನಿಗೆ ಮಾತ್ರ, ಸರ್ಕಾರಿ ಕಾಡಿನಲ್ಲಿ ಅದು ನಡೆಯುವುದಿಲ್ಲ. ಜಮೀನುದಾರರ ಪರಿಚಯ ಇಲ್ಲದವರು ಪಿ ಕೋಡ್ ತೆಗೆದುಕೊಂಡರೆ ಚೀಟಿ ಫ್ರೇಮ್ ಹಾಕಿಸಿ ಇಟ್ಟುಕೊಳ್ಳಬಹುದು.

ಎಲ್ಕ್‌ಗೆ ಕೆಲವು ಕಡೆ ಅಂಗಡಿಯಲ್ಲೇ ಕೊಳ್ಳುವ ಲೈಸೆನ್ಸ್ ಇದೆ. ಜಿಂಕೆಗೆ ಹಾಗಿಲ್ಲ. 1999ರಿಂದ ಜಿಂಕೆ ಲೈಸೆನ್ಸ್ ರಾಜ್ಯದಾದ್ಯಂತ ಸೀಮಿತ, ಲಾಟರಿ ಮೂಲಕವೇ ಹಂಚಿಕೆ. ಅದೂ ಪೂರ್ತಿ ಲಾಟರಿ ಅಲ್ಲ. ಇಲ್ಲೇ ತಲೆ ಕೆಡುವುದು.

ಪ್ರಿಫರೆನ್ಸ್ ಪಾಯಿಂಟ್ ಅಂತ ಇದೆ. ಅರ್ಜಿಯಲ್ಲಿ ನಾಲ್ಕು ಆಯ್ಕೆ ಕೊಡಬಹುದು. ಮೊದಲ ಆಯ್ಕೆ ಸಿಗದಿದ್ದರೆ ಒಂದು ಪಾಯಿಂಟ್ ನಿಮ್ಮ ಹೆಸರಿಗೆ. ಮುಂದಿನ ವರ್ಷ ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು ಹಂಚಿ, ಒಂದೇ ಪಾಯಿಂಟ್‌ನವರು ಜಾಸ್ತಿ ಇದ್ದರೆ ಅವರೊಳಗೆ ಲಾಟರಿ. ಎಲ್ಲರ ಮೊದಲ ಆಯ್ಕೆ ಮುಗಿದ ಮೇಲೆ ಉಳಿದಿದ್ದರೆ ಮಾತ್ರ ಎರಡನೇ ಆಯ್ಕೆ ನೋಡುತ್ತಾರೆ. ಮೊದಲ ಆಯ್ಕೆ ಸಿಕ್ಕಿತೋ, ಕೂಡಿಟ್ಟ ಪಾಯಿಂಟ್ ಎಲ್ಲ ಸೊನ್ನೆ. ಎರಡನೇ ಆಯ್ಕೆಯಲ್ಲಿ ಸಿಕ್ಕರೆ ಪಾಯಿಂಟ್ ಹೋಗುವುದಿಲ್ಲ, ಬದಲಿಗೆ ಒಂದು ಸೇರುತ್ತದೆ. ಈ ಒಂದು ಸಾಲನ್ನು ಅರ್ಥ ಮಾಡಿಕೊಂಡವರು ಕೊಲರಾಡೊದಲ್ಲಿ ಹೆಚ್ಚು ಕಡಿಮೆ ಪ್ರತಿ ವರ್ಷ ಬೇಟೆಗೆ ಹೋಗುತ್ತಾರೆ. ಅರ್ಥ ಆಗದವರು ಹತ್ತು ವರ್ಷ ಕಾಯುತ್ತಾರೆ.

ಯಾಕೆ ಕಾಯುತ್ತಾರೆ ಅಂದರೆ, ಹೆಸರುವಾಸಿ ಯೂನಿಟ್‌ಗಳಿವೆ. ಈಗಲ್ ಕಡೆಯ 44, ಅನ್‌ಕಂಪಾಗ್ರೆ ಬೆಟ್ಟದ 61. ಅಲ್ಲಿ ಗಂಡು ಜಿಂಕೆಯ ಕೊಂಬು ದೊಡ್ಡದು, ಚೀಟಿ ಕಡಿಮೆ. ಅದಕ್ಕಾಗಿ ಜನ ವರ್ಷಗಟ್ಟಲೆ ಪಾಯಿಂಟ್ ಕೂಡಿಸುತ್ತಾರೆ. ಎಲ್ಲರೂ ಕೂಡಿಸುತ್ತಾರಲ್ಲ, ಹಾಗಾಗಿ ಬೇಕಾಗುವ ಪಾಯಿಂಟ್ ಕೂಡ ಏರುತ್ತಲೇ ಹೋಗುತ್ತದೆ. ಧರ್ಮಸ್ಥಳದಲ್ಲಿ ರಜೆ ದಿನ ಸಾಲಿಗೆ ನಿಂತ ಹಾಗೆ, ನೀವು ಎರಡು ಹೆಜ್ಜೆ ಮುಂದೆ ಹೋದರೆ ಬಾಗಿಲು ಮೂರು ಹೆಜ್ಜೆ ದೂರ ಹೋಗಿರುತ್ತದೆ. ಬೇಡಿಕೆ ಬಹಳ ಇರುವ ಕೆಲವು ಕೋಡ್‌ಗಳಲ್ಲಿ ಶೇಕಡ 20ರವರೆಗಿನ ಚೀಟಿಯನ್ನು ಶುದ್ಧ ಲಾಟರಿಗೆ ಬಿಡುತ್ತಾರೆ. ಅದಕ್ಕೂ ಕನಿಷ್ಠ ಐದು ಪಾಯಿಂಟ್ ಇರಬೇಕು.

ನನ್ನ ಆಫೀಸಿನಲ್ಲಿ ಹಿರಿಯರೊಬ್ಬರಿದ್ದಾರೆ, ಪಶ್ಚಿಮ ಕೊಲರಾಡೊದಲ್ಲಿ ಹುಟ್ಟಿ ಬೆಳೆದವರು. ಊಟದ ಹೊತ್ತಿನಲ್ಲಿ ಅವರ ಮುಂದೆ ನನ್ನ ಪಟ್ಟಿ ಹರಡಿದೆ. ಅವರು ಅದನ್ನು ನೋಡಲೇ ಇಲ್ಲ. "ನಿನಗೆ ಕೊಂಬು ಬೇಕಾ, ಮಾಂಸ ಬೇಕಾ, ಕಾಡು ತಿರುಗಬೇಕಾ? ಮೊದಲು ಅದು ಹೇಳು" ಅಂದರು. ಕಾಡು ತಿರುಗಬೇಕು, ಮಾಂಸ ಸಿಕ್ಕರೆ ಸಂತೋಷ ಅಂದೆ. "ಹಾಗಾದರೆ ಪಾಯಿಂಟ್ ಚಿಂತೆ ಬಿಡು. ಹತ್ತಿರದ ಯೂನಿಟ್ ಹಾಕು. ಬೇಸಗೆಯಲ್ಲಿ ನಾಲ್ಕು ಸಲ ಹೋಗಿ ನೋಡಲು ಆಗುವಂಥದ್ದು." ನನಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಗುರುತು ಪರಿಚಯ ಇಲ್ಲದ ಹೆಸರುವಾಸಿ ಯೂನಿಟ್‌ಗಿಂತ ಕಾಲಡಿ ಗೊತ್ತಿರುವ ಸಾಧಾರಣ ಯೂನಿಟ್ ಮೇಲು ಅಂತ ಈಗ ನಾನೂ ಹೇಳುತ್ತೇನೆ.

ಡೆನ್ವರ್‌ನಿಂದ ಎರಡು-ಎರಡೂವರೆ ಗಂಟೆ ದೂರದಲ್ಲಿ ಮಿಡಲ್ ಪಾರ್ಕ್ ಅಂತ ದೊಡ್ಡ ಕಣಿವೆ ಪ್ರದೇಶ. ಕ್ರೆಮ್ಲಿಂಗ್ ಅಲ್ಲಿನ ಚಿಕ್ಕ ಊರು, ಸುಮಾರು 7,300 ಅಡಿ ಎತ್ತರ. ಸುತ್ತ ಸೇಜ್‌ಬ್ರಷ್ ದಿಣ್ಣೆಗಳು, ಮೇಲೆ ಆಸ್ಪೆನ್ ಮರಗಳು, ಅದರ ಮೇಲೆ ಪೈನ್ ಕಾಡು. ಮೇಲಿನ ಬೆಟ್ಟಗಳಿಂದ ಜಿಂಕೆ ಇಳಿದು ಚಳಿಗಾಲ ಕಳೆಯುವುದು ಇಲ್ಲೇ. ಸಿಲ್ವರ್‌ಥಾರ್ನ್‌ನಿಂದ ಹೆದ್ದಾರಿ 9ರಲ್ಲಿ ಹೋಗುವಾಗ ರಸ್ತೆಯ ಮೇಲೆ ಎರಡು ಹಸಿರು ಸೇತುವೆ ಸಿಗುತ್ತವೆ. ಪ್ರಾಣಿಗಳು ದಾಟುವುದಕ್ಕೆಂದೇ 2015-16ರಲ್ಲಿ ಕಟ್ಟಿದ್ದು. ಜೊತೆಗೆ ಐದು ಕೆಳದಾರಿ, ಎಂಟಡಿ ಬೇಲಿ. ಅದಾದ ಮೇಲೆ ಅಲ್ಲಿ ಪ್ರಾಣಿಗಳಿಗೆ ಗಾಡಿ ಗುದ್ದುವುದು ಶೇಕಡ 90ರಷ್ಟು ಕಡಿಮೆಯಾಗಿದೆ. ಅಷ್ಟು ಜಿಂಕೆ ಓಡಾಡುವ ಜಾಗ ಅಂತ ಇದಕ್ಕಿಂತ ಸಾಕ್ಷಿ ಬೇಕಾ?

ಸೀಸನ್ ಆರಿಸುವುದು ಇನ್ನೊಂದು ಲೆಕ್ಕ. ಸೆಪ್ಟೆಂಬರ್ ಬಿಲ್ಲುಬಾಣಕ್ಕೆ, ಅದೇ ತಿಂಗಳಲ್ಲಿ ಒಂಬತ್ತು ದಿನ ನಳಿಗೆಯ ಬಾಯಿಂದ ಮದ್ದು ತುಂಬುವ ಮಜಲ್‌ಲೋಡರ್ ಕೋವಿಗೆ. ರೈಫಲ್‌ಗೆ ನಾಲ್ಕು ಸೀಸನ್. ಸಾಮಾನ್ಯವಾಗಿ ಮೊದಲನೆಯದು ಎಲ್ಕ್‌ನದು. ಜಿಂಕೆಗೆ ಅಕ್ಟೋಬರ್ ಕೊನೆಯ ಎರಡನೆಯದು, ನವೆಂಬರ್ ಎರಡನೇ ವಾರ ಶುರುವಾಗುವ ಮೂರನೆಯದು, ಆಮೇಲೆ ಚಿಕ್ಕದಾದ ನಾಲ್ಕನೆಯದು. ನವೆಂಬರ್ ಮಧ್ಯದಿಂದ ಜಿಂಕೆಗಳಿಗೆ ಬೆದೆಯ ಕಾಲ. ವರ್ಷವಿಡೀ ಕಣ್ಣಿಗೆ ಬೀಳದ ದೊಡ್ಡ ಗಂಡುಗಳು ಹೆಣ್ಣುಗಳ ಹಿಂದೆ ಹಾಡುಹಗಲೇ ತಿರುಗುತ್ತವೆ. ಹಾಗಾಗಿ ಕೊನೆಯ ಸೀಸನ್‌ಗಳಿಗೆ ಚೀಟಿ ಕಮ್ಮಿ, ಬೇಕಾಗುವ ಪಾಯಿಂಟ್ ಜಾಸ್ತಿ. ಎರಡನೇ ಸೀಸನ್‌ನಲ್ಲಿ ಜಿಂಕೆ ಇನ್ನೂ ಚದುರಿಕೊಂಡಿರುತ್ತದೆ, ಹುಡುಕಾಟ ಜಾಸ್ತಿ, ಚೀಟಿ ಸುಲಭ. ನಾನು ಅದನ್ನೇ ಹಾಕಿದೆ. ಹಿಂದಿನ ಒಂದೆರಡು ವರ್ಷ ಮೊದಲ ಆಯ್ಕೆಗೆ ಪಾಯಿಂಟ್ ಮಾತ್ರ ಕೊಡುವ ಕೋಡ್ ಹಾಕಿಟ್ಟಿದ್ದು ನೆರವಾಯಿತು. ಯಾವ ಕೋಡ್ ಎಷ್ಟು ಪಾಯಿಂಟ್‌ಗೆ ಹೋಯಿತು, ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಜಿಂಕೆ ಸಿಕ್ಕಿತು ಎಂಬುದನ್ನೆಲ್ಲ ಇಲಾಖೆಯೇ ವರ್ಷ ವರ್ಷ ಪ್ರಕಟಿಸುತ್ತದೆ. ದುಡ್ಡು ಕೊಟ್ಟು ಇನ್ಯಾರಿಂದಲೋ ಆ ಮಾಹಿತಿ ಕೊಳ್ಳಬೇಕಾಗಿಲ್ಲ.

ಮೇ ಕೊನೆಯಲ್ಲಿ ಫಲಿತಾಂಶದ ಇಮೇಲ್ ಬಂತು. ಸಿಕ್ಕಿತ್ತು. ಜೂನ್‌ನಲ್ಲಿ ಕೊಟ್ಟಿರುವ ಗಡುವಿನೊಳಗೆ ದುಡ್ಡು ಕಟ್ಟದಿದ್ದರೆ ಚೀಟಿ ಬೇರೆಯವರ ಪಾಲು. ಸಿಗದವರಿಗೆ ಜೂನ್‌ನಲ್ಲೇ ಎರಡನೇ ಲಾಟರಿ ಇದೆ, ಆಗಸ್ಟ್‌ನಲ್ಲಿ ಉಳಿದವುಗಳ ಮಾರಾಟ ಇದೆ, ಆಮೇಲೆ ಜನ ವಾಪಸ್ ಮಾಡಿದ ಚೀಟಿಗಳು ಪ್ರತಿ ವಾರ ಬರುತ್ತವೆ. ಅವನ್ನು ಹಿಡಿಯುವುದು ತತ್ಕಾಲ್ ಟಿಕೆಟ್ ಬುಕ್ ಮಾಡಿದವರಿಗೆ ಚೆನ್ನಾಗಿ ಬರುತ್ತದೆ.

ಬೇಸಗೆ ಪೂರ್ತಿ ನಕ್ಷೆ ಓದಿದೆ. ಇಲ್ಲಿ ನೆಲ ಹಲವು ಒಡೆಯರದ್ದು. ಫಾರೆಸ್ಟ್ ಸರ್ವಿಸ್ ಕಾಡು, ಬಿಎಲ್‌ಎಂ ಎಂಬ ಕೇಂದ್ರ ಇಲಾಖೆಯ ಬಯಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿದೆ. ಸ್ಟೇಟ್ ಟ್ರಸ್ಟ್ ಜಮೀನು ಸರ್ಕಾರದ್ದೇ ಆದರೂ ಎಲ್ಲವೂ ಬೇಟೆಗೆ ತೆರೆದಿಲ್ಲ. ಮಧ್ಯೆ ಮಧ್ಯೆ ದನ ಸಾಕುವ ದೊಡ್ಡ ದೊಡ್ಡ ಖಾಸಗಿ ರ‍್ಯಾಂಚ್‌ಗಳು. ಕೊಲರಾಡೊದಲ್ಲಿ ಖಾಸಗಿ ಜಮೀನಿಗೆ ಬೇಲಿಯಾಗಲಿ ಬೋರ್ಡ್ ಆಗಲಿ ಇರಲೇಬೇಕು ಅಂತಿಲ್ಲ. ಎಲ್ಲಿದ್ದೀನಿ ಅಂತ ತಿಳಿದುಕೊಳ್ಳುವ ಹೊಣೆ ನಮ್ಮದು. ಅನುಮತಿ ಇಲ್ಲದೆ ಕಾಲಿಟ್ಟರೆ ತಪ್ಪೇ. ಫೋನಿನಲ್ಲಿ ಗಡಿ ತೋರಿಸುವ ಆ್ಯಪ್ ಇಟ್ಟುಕೊಂಡೆ, ಸಿಗ್ನಲ್ ಇರದ ಕಡೆಗೆಂದು ನಕ್ಷೆಯನ್ನು ಮೊದಲೇ ಇಳಿಸಿಕೊಂಡೆ, ಜೇಬಿನಲ್ಲಿ ಕಾಗದದ ನಕ್ಷೆಯೂ ಇತ್ತು. ಚದುರಂಗದ ಮನೆಗಳ ಹಾಗೆ ಸರ್ಕಾರಿ ಮತ್ತು ಖಾಸಗಿ ಚೌಕಗಳು ಮೂಲೆಯಲ್ಲಿ ಮಾತ್ರ ಕೂಡುವ ಜಾಗಗಳಿವೆ. ಒಂದು ಸರ್ಕಾರಿ ಚೌಕದಿಂದ ಇನ್ನೊಂದಕ್ಕೆ ಆ ಮೂಲೆಯಲ್ಲಿ ದಾಟಬಹುದಾ ಅನ್ನುವುದು ಎಷ್ಟೋ ವರ್ಷಗಳ ಜಗಳ. ವಯೋಮಿಂಗ್‌ನ ಒಂದು ಮೊಕದ್ದಮೆಯಲ್ಲಿ 2025ರ ಮಾರ್ಚ್‌ನಲ್ಲಿ ಡೆನ್ವರ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆದರೂ ನಾನು ಅಂಥ ಮೂಲೆಗಳ ತಂಟೆಗೆ ಹೋಗಲಿಲ್ಲ.

ಕೋವಿಯ ವಿಷಯ ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಜಿಂಕೆಗೆ ಕನಿಷ್ಠ .24 ಕ್ಯಾಲಿಬರ್ ಸೆಂಟರ್‌ಫೈರ್ ರೈಫಲ್, 70 ಗ್ರೇನ್‌ಗೆ ಕಡಿಮೆ ಇಲ್ಲದ ಗುಂಡು. ನಾನು ಹಳೆಯ .270 ಬೋಲ್ಟ್ ಆ್ಯಕ್ಷನ್ ರೈಫಲ್ ಕೊಂಡೆ. ಹಿನ್ನೆಲೆ ತಪಾಸಣೆ ಆಗಬೇಕು, ದುಡ್ಡು ಕೊಟ್ಟ ಮೇಲೂ ಮೂರು ದಿನ ಕಾಯಬೇಕು, ಇದು 2023ರ ಅಕ್ಟೋಬರ್‌ನಿಂದ ಬಂದ ನಿಯಮ. ಉಡುಪು ಮಾತ್ರ ಮರೆಯುವ ಹಾಗಿಲ್ಲ. ಸೊಂಟದ ಮೇಲೆ 500 ಚದರ ಇಂಚು ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ತಲೆಗೂ ಅದೇ ಬಣ್ಣದ ಟೋಪಿ. ಜಿಂಕೆಗೆ ಕಿತ್ತಳೆ ನಮಗೆ ಕಂಡ ಹಾಗೆ ಕಾಣುವುದಿಲ್ಲ. ಬೇರೆ ಬೇಟೆಗಾರರಿಗೆ ಕಾಣಬೇಕು, ಅದೇ ಉದ್ದೇಶ.

ಕ್ರೆಮ್ಲಿಂಗ್ ಹತ್ತಿರ ಹಿರಿಯರ ಜೊತೆ ಹೋದೆ. ಅವರ ಹತ್ತಿರ ಬೇರೆ ಚೀಟಿ ಇತ್ತು. ಒಬ್ಬರ ಚೀಟಿಗೆ ಇನ್ನೊಬ್ಬರು ಹೊಡೆಯುವ ಹಾಗಿಲ್ಲ, ಸಹಾಯ ಅಂದರೂ ಇಲ್ಲ. ಹೊಡೆಯುವ ಸಮಯ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ. ಬೆಳಗಾಗುವ ಮುಂಚೆ ದಿಣ್ಣೆ ಹತ್ತಿ ಬೈನಾಕ್ಯುಲರ್ ಹಿಡಿದು ಕೂರುವುದು, ಎದುರಿನ ಇಳಿಜಾರನ್ನು ಪೊದೆ ಪೊದೆಯಾಗಿ ನೋಡುವುದು. ಅಜ್ಜನ ಶಿಕಾರಿಯ ಗದ್ದಲ ಇಲ್ಲಿಲ್ಲ. ನಾಯಿ ಇಲ್ಲ, ಕೂಗು ಇಲ್ಲ. ಡ್ರೋನ್ ಹಾರಿಸುವಂತಿಲ್ಲ, ಉಪ್ಪು ಮೇವು ಇಟ್ಟು ಕರೆಯುವಂತಿಲ್ಲ. ಮೊದಲು ಕಂಡದ್ದೆಲ್ಲ ಹೆಣ್ಣು. ಒಂದು ಸಲ ಒಳ್ಳೆಯ ಗಂಡೇ ಕಂಡಿತು, ಆದರೆ ನಿಂತಿದ್ದು ರ‍್ಯಾಂಚ್ ಬೇಲಿಯ ಆಚೆ. ಅದಕ್ಕೂ ಗೊತ್ತಿತ್ತೇನೋ ಅನ್ನಿಸುವಷ್ಟು ಆರಾಮಾಗಿ ಮೇಯುತ್ತಿತ್ತು.

ಕೊನೆಗೆ ಸಿಕ್ಕಿದ್ದು ಎಳೆಯ ಗಂಡು, ಒಂದೊಂದು ಕಡೆ ಎರಡೆರಡು ಕವಲು. ಚೀಟಿ ಪ್ರಕಾರ ಐದು ಇಂಚಿನ ಕೊಂಬು ಇದ್ದರೆ ಸಾಕು. ನಮ್ಮನ್ನು ಕಂಡು ಪುಟಿದು ಏರಿ, ಮ್ಯೂಲ್ ಡಿಯರ್‌ಗಳ ರೂಢಿಯಂತೆ ದಿಣ್ಣೆಯ ನೆತ್ತಿಗೆ ಮುಂಚೆ ಒಮ್ಮೆ ನಿಂತು ತಿರುಗಿ ನೋಡಿತು. ಇನ್ನೂರು ಗಜದ ಒಳಗೆ, ಹಿಂದೆ ಬರೀ ಮಣ್ಣಿನ ಏರು. ಮುಂಗಾಲಿನ ಹಿಂದೆ ಒಂದೇ ಗುಂಡು.

ಪ್ರಾಣಿ ಬಿದ್ದ ಮೇಲೆ ಮತ್ತೆ ಕಾಗದದ ಕೆಲಸ. ಅಂಚೆಯಲ್ಲಿ ಬಂದ ಲೈಸೆನ್ಸ್‌ನಲ್ಲಿ ಟ್ಯಾಗ್ ಇರುತ್ತದೆ. ಅದನ್ನು ಬಿಡಿಸಿ, ಸಹಿ ಹಾಕಿ, ತಾರೀಖು ಬರೆಯಬೇಕು. ಹೊಡೆಯುವ ಮೊದಲೇ ಬಿಡಿಸಿಟ್ಟರೆ ಟ್ಯಾಗ್ ಲೆಕ್ಕಕ್ಕಿಲ್ಲ. ಗಂಡು ಅನ್ನುವುದಕ್ಕೆ ಗುರುತನ್ನು ಮಾಂಸದ ಒಂದು ತುಂಡಿಗೆ ಸಹಜವಾಗಿ ಅಂಟಿಕೊಂಡಿರುವಂತೆಯೇ ಬಿಡಬೇಕು, ದಾರಿಯಲ್ಲಿ ಅಧಿಕಾರಿ ನಿಲ್ಲಿಸಿದರೆ ಅದನ್ನೇ ನೋಡುವುದು. ನಾಲ್ಕೂ ಕಾಲಿನ ಮಾಂಸ, ಬೆನ್ನಿನ ಮಾಂಸ, ಒಳಗಿನ ಮೆತ್ತನೆಯ ಪಟ್ಟಿ ಇಷ್ಟನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಪರಾಧ. ಕೊಂಬು ಮಾತ್ರ ಕತ್ತರಿಸಿಕೊಂಡು ಹೋಗುವವರನ್ನು ಇಲ್ಲಿ ಕಾನೂನೂ ಬಿಡುವುದಿಲ್ಲ, ಬೇರೆ ಬೇಟೆಗಾರರೂ ಬಿಡುವುದಿಲ್ಲ. ಹಿರಿಯರು ಹೊಟ್ಟೆ ಸೀಳದೆ ಕಾಲು ಬಿಡಿಸುವ ಕ್ರಮ ತೋರಿಸಿಕೊಟ್ಟರು. ಬೆನ್ನ ಮೇಲೆ ಹೊತ್ತು ಗಾಡಿಗೆ ತರುವಷ್ಟರಲ್ಲಿ ನನ್ನ ಮೊಣಕಾಲು ಮಾತು ಕೇಳುತ್ತಿರಲಿಲ್ಲ.

ತಲೆಯನ್ನು ರೋಗ ಪರೀಕ್ಷೆಗೆಂದು ಹಾಟ್ ಸಲ್ಫರ್ ಸ್ಪ್ರಿಂಗ್ಸ್‌ನ ಇಲಾಖೆ ಕಚೇರಿಗೆ ಕೊಟ್ಟು ಬಂದೆ. ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅಂತ ಒಂದು ರೋಗ ಇದೆ, ಜಿಂಕೆ ಜಾತಿಯ ಪ್ರಾಣಿಗಳ ಮಿದುಳು ಹಾಳು ಮಾಡುವಂಥದ್ದು. ಮೊದಲು ಗಮನಕ್ಕೆ ಬಂದದ್ದೇ ಈ ರಾಜ್ಯದಲ್ಲಿ, 1967ರಲ್ಲಿ ಫೋರ್ಟ್ ಕಾಲಿನ್ಸ್‌ನ ಸಂಶೋಧನಾ ಕೇಂದ್ರದಲ್ಲಿ ಸಾಕಿದ್ದ ಮ್ಯೂಲ್ ಡಿಯರ್‌ಗಳಲ್ಲಿ. ಮನುಷ್ಯರಿಗೆ ಬಂದದ್ದು ಸಾಬೀತಾಗಿಲ್ಲ. ಆದರೂ ರೋಗ ಇರುವ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಇಲ್ಲಿನ ಆರೋಗ್ಯ ಇಲಾಖೆಗಳ ಸಲಹೆ. ಬೇಯಿಸಿದರೆ ಹೋಗುವ ಸೋಂಕಲ್ಲ ಇದು. ಪ್ರತಿ ವರ್ಷ ಕೆಲವು ಯೂನಿಟ್‌ಗಳಲ್ಲಿ ಪರೀಕ್ಷೆ ಕಡ್ಡಾಯ, ಉಳಿದ ಕಡೆ ಸ್ವಲ್ಪ ಶುಲ್ಕ ಕಟ್ಟಿ ಮಾಡಿಸಬಹುದು. ಕಡ್ಡಾಯ ಇರಲಿ ಬಿಡಲಿ, ಮಾಡಿಸಿ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲೇ ಇತ್ತು, ನೆಗೆಟಿವ್ ಅಂತ ಗೊತ್ತಾದ ಮೇಲೆಯೇ ಕಾಳುಮೆಣಸಿನ ಡಬ್ಬಿ ಇಳಿಸಿದ್ದು. ಕೊಬ್ಬು ಕಡಿಮೆ ಇರುವ ಮಾಂಸ, ಜಾಸ್ತಿ ಬೇಯಿಸಿದರೆ ಚರ್ಮದ ಚಪ್ಪಲಿ. ತೊಡೆಯ ಭಾಗವನ್ನು ಸಣ್ಣಗೆ ಕತ್ತರಿಸಿ ಒಣಗಿದ ಹಾಗೆ ಹುರಿದರೆ ಚೆನ್ನ, ಸಾರಿಗೆ ಮುಂಗಾಲು.

ಸೀಸನ್ ಮುಗಿದ ಮೇಲೆ ಇಲಾಖೆಯಿಂದ ಸಮೀಕ್ಷೆ ಬರುತ್ತದೆ. ಸಿಕ್ಕಿತಾ, ಎಷ್ಟು ದಿನ ತಿರುಗಿದಿರಿ ಅಂತ ಕೇಳುತ್ತಾರೆ. ಸಿಗದವರೂ ಉತ್ತರ ಕೊಡಬೇಕು, ಮುಂದಿನ ವರ್ಷದ ಲೆಕ್ಕಕ್ಕೆ ಅದೂ ಸೇರುತ್ತದೆ. ನನ್ನ ಪಾಯಿಂಟ್ ಈಗ ಸೊನ್ನೆ. ಈ ಸಲ ಮೊದಲ ಆಯ್ಕೆಗೆ ಪಾಯಿಂಟ್ ಕೋಡ್, ಎರಡನೆಯದಕ್ಕೆ ಅದೇ ಕಡೆಯ ಹೆಣ್ಣು ಜಿಂಕೆ ಅಂತ ಯೋಚನೆ. ಹೆಣ್ಣು ಚೀಟಿ ಎಷ್ಟು ಬಿಡುತ್ತಾರೆ, ಬಿಡುತ್ತಾರಾ ಇಲ್ಲವಾ ಅನ್ನುವುದು ಚಳಿಗಾಲ ಹೇಗೆ ಕಳೆಯಿತು ಅನ್ನುವುದರ ಮೇಲಿದೆ. ಹೊಸ ಪುಸ್ತಿಕೆ ಬರಲಿ, ನೋಡೋಣ.